ಕೀ ಎತ್ತುವ ಬೆರಳು

ಸೋಮವಾರ

ಅಕ್ಕನಿಗೆ,

ನನ್ನದು ಕೋಳಿ ಕಾಲಿನ ಅಕ್ಷರ ಎಂದು ನಿನಗೆ ಗೊತ್ತೇ ಇದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಕಾಗುಣಿತ ತಪ್ಪಿದ್ದರೆ ಕ್ಷಮಿಸು. ಇವತ್ತು ಸಿಟ್ಟು ಬೇರೆ ಬಂದಿದೆ. ನಿನ್ನ ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಶುಕ್ರವಾರ ಪಿಯಾನೊ ಟೀಚರ್ ನಮ್ಮ ಗುಬ್ಬಿಯನ್ನು ಕ್ಲಾಸಿನಿಂದ ಕಳಿಸಿಬಿಟ್ಟರು. "ನಿಮ್ಮ ಮಗಳು ಪಾಠಕ್ಕೆ ಬರ್ತಾಳೋ ಆಟಕ್ಕೆ ಬರ್ತಾಳೋ? ಕೀ ಒತ್ತಿ, ಇನ್ನೊಂದು ಕೈಯಿಂದ ಅದನ್ನ ಮೇಲಕ್ಕೆ ಎತ್ತೋಕೆ ಹೋಗ್ತಾಳೆ. ಹಾಡು ಅಂದ್ರೆ ಸ್ವರ ಇಳಿಸಿ ಹಾಡ್ತಾಳೆ. ಕಿವಿ ಇಲ್ಲದ ಮಗೂಗೆ ಸುಮ್ನೆ ಯಾಕೆ ಹಿಂಸೆ?" ಎಂದರು. ನಾನು ತಲೆ ತಗ್ಗಿಸಿ ಅವಳ ಕೈ ಹಿಡಿದು ಬಂದೆ. ಫೋನಿನಲ್ಲಿ ನಿನಗೆ ಹೇಳಿದರೆ ನೀನು ನಕ್ಕೆ. "ಅಮ್ಮನ ಹಾಗೇ ಮಗಳು, ಬಿಡು. ನನ್ನ ಪಿಯಾನೊ ಕೊಟ್ಟಿದ್ದೇ ದಂಡ" ಎಂದೆ.

ಅಕ್ಕ, ಗುಬ್ಬಿ ಮನೆಯಲ್ಲಿ ದಿನಾ ಅಭ್ಯಾಸ ಮಾಡುವ ಆ ಪಿಯಾನೊ ಮೇಲೆ ಹತ್ತು ವರ್ಷ ಹೂಕುಂಡ ಇಟ್ಟು ನೀರು ಹಾಕಿದವಳು ನೀನು.

ನಿನ್ನೆ ಪಿಯಾನೊ ರಿಪೇರಿಯವರನ್ನು ಕರೆಸಿದೆ. ಮುಚ್ಚಳ ತೆಗೆದರೆ ತಂತಿಗೆಲ್ಲ ತುಕ್ಕು, ಒಳಗಿನ ಉಣ್ಣೆ ಬಟ್ಟೆಯನ್ನು ನುಸಿ ತಿಂದು ಪುಡಿ ಮಾಡಿದೆ. ಸ್ವರಗಳೆಲ್ಲ ಇಳಿದು ಕೂತಿವೆ. ನಡುವಿನ ಒಂದು ಬಿಳಿ ಕೀ ನೀರು ಕುಡಿದು ಊದಿಕೊಂಡಿದೆ, ಒತ್ತಿದರೆ ಮೇಲೆ ಬರುವುದೇ ಇಲ್ಲ. ಅವರು ಗುಬ್ಬಿಗೆ ನುಡಿಸಲು ಹೇಳಿದರು. ಅವಳು ಆ ಕೀ ಒತ್ತಿದಳು, ಎಡಗೈ ಬೆರಳಿನಿಂದ ಮೇಲಕ್ಕೆತ್ತಿದಳು, ಮುಂದಕ್ಕೆ ಹೋದಳು. ತಾಳ ತಪ್ಪಲಿಲ್ಲ. ಹಾಡಿಸಿದರೆ, ಪಿಯಾನೊ ಎಷ್ಟು ಇಳಿದಿದೆಯೋ ಅಷ್ಟೇ ಇಳಿಸಿ ಹಾಡಿದಳು. "ಯಾರಮ್ಮ ಹೇಳಿದ್ದು ಇವಳಿಗೆ ಕಿವಿ ಇಲ್ಲ ಅಂತ? ಕೇಳಿದ್ದನ್ನ ಕೂದಲೆಳೆಯಷ್ಟೂ ತಪ್ಪದೆ ಕಲ್ತಿದ್ದಾಳೆ. ತಪ್ಪು ಕಲಿಸಿದ್ದು ಈ ಡಬ್ಬ!" ಎಂದರು.

ನಮ್ಮ ಟೈಲರ್ ಅಂಗಡಿಗೆ ಹೊಸಬಳು ಕಲಿಯಲು ಬಂದರೆ ಯಜಮಾನಿ ಒಳ್ಳೆಯ ಮಿಷಿನ್ನನ್ನೇ ಕೊಡುತ್ತಾರೆ. ದಾರ ಕಡಿಯುವ ಹಳೇ ಮಿಷಿನ್ನು ನನಗೆ. ಕಲಿತ ಕೈ ಅದನ್ನು ಹೇಗೋ ಸಂಭಾಳಿಸುತ್ತದೆ. ಹೊಸ ಕೈಗೆ ತಪ್ಪು ತನ್ನದೋ ಮಿಷಿನ್ನಿನದೋ ಹೇಗೆ ಗೊತ್ತಾಗಬೇಕು? ಹೊಲಿಗೆಯವರಿಗೆ ಇರುವ ಬುದ್ಧಿ ನಿನಗಿಲ್ಲದೆ ಹೋಯಿತೇ?

ಹಳೆಯದು ಕೊಟ್ಟೆ ಎಂದು ಸಿಟ್ಟಲ್ಲ. ರಿಪೇರಿ ಮಾಡಿಸಬೇಕಾ ಎಂದು ನಾನು ಕೇಳಿದಾಗ "ಕಲಿಯೋ ಮಕ್ಕಳಿಗೆ ಇದೇ ಹೆಚ್ಚು" ಎಂದೆಯಲ್ಲ, ಅದಕ್ಕೆ. ಸದಾ ಗುನುಗುತ್ತಿದ್ದ ಏಳು ವರ್ಷದ ಮಗು ಮೂರು ದಿನದಿಂದ ತಾನಾಗಿ ಒಂದು ಸ್ವರವನ್ನೂ ಹಾಡಿಲ್ಲ. ನಿನ್ನೆ ಹಾಡಿಸಲೂ ರಿಪೇರಿಯವರು ಎಷ್ಟು ಪುಸಲಾಯಿಸಬೇಕಾಯಿತು! ಟೀಚರ್ ಹತ್ತಿರ ನಾನೇ ಹೋಗುತ್ತೇನೆ. ಮಾತು ಹೊರಡದಿದ್ದರೆ ರಿಪೇರಿಯವರು ಬರೆದುಕೊಟ್ಟ ಚೀಟಿಯನ್ನು ಕೈಗಿಡುತ್ತೇನೆ. ನೀನು ಗುಬ್ಬಿಗೆ ಫೋನ್ ಮಾಡಿ ತಪ್ಪಾಯಿತು ಅನ್ನು. ಅಲ್ಲಿಯವರೆಗೆ ಈ ಮನೆಗೆ ಬರಬೇಡ.

ನಿನ್ನ ತಂಗಿ

ಮತ್ತೊಂದು ಮಾತು: ನಿನ್ನನ್ನು ಇಷ್ಟು ಬೈದು ನನ್ನದನ್ನು ಮುಚ್ಚಿಡಲಾರೆ. ಮೊದಲ ವಾರವೇ ಗುಬ್ಬಿ "ಅಮ್ಮಾ, ಇದು ಮೇಲೆ ಬರ್ತಾ ಇಲ್ಲ" ಅಂದಿದ್ದಳು. "ದೊಡ್ಡಮ್ಮ ಕೊಟ್ಟಿದ್ದಕ್ಕೆ ಹೆಸರಿಡ್ತೀಯಾ? ಬೆರಳಲ್ಲಿ ಎತ್ಕೋ" ಎಂದು ಕಲಿಸಿದವಳು ನಾನೇ. ಟೀಚರ್ ಮುಂದೆ ತಲೆ ತಗ್ಗಿಸಿದ್ದು ನಾಚಿಕೆಗಲ್ಲ, ಅದು ಗೊತ್ತಿದ್ದುದಕ್ಕೆ. ರಿಪೇರಿಯವರು ಸದ್ಯಕ್ಕೆ ಆ ಒಂದು ಕೀ ಸರಿಮಾಡಿ ಹೋಗಿದ್ದಾರೆ. ಇವತ್ತು ಬೆಳಿಗ್ಗೆ ಗುಬ್ಬಿ ಅದನ್ನು ಒತ್ತಿದಾಗ ಎಡಗೈ ಎಂದಿನಂತೆ ಹೊರಟಿತು. ನಾನು ಆ ಕೈಯನ್ನು ಹಿಡಿದುಕೊಂಡೆ. ಕೀ ತಾನಾಗಿಯೇ ಮೇಲೆ ಬಂತು.