ಇವರ ಏಳು, ನನ್ನ ಏಳು

ಮಾರ್ಚ್ 3, ಭಾನುವಾರ

ಶೂ ಮಣ್ಣು ಕೆರೆದಿದ್ದಾಯ್ತು, ಸಾಕ್ಸ್ ಒಣಹಾಕಿದ್ದಾಯ್ತು. ಗಾಲ್ಫ್ ಆಡಿ ಬಂದ ಇವರು ಬ್ಯಾಗ್ ಮೂಲೆಗೆ ಒರಗಿಸಿ ಮಲಗಿಬಿಟ್ಟಿದ್ದಾರೆ. ಐದನೇ ಹೋಲ್‌ನ ಕೊಳ ಇವತ್ತೂ ಇವರ ಬಾಲ್ ನುಂಗಿತು. ಭುಜದ ಆಪರೇಷನ್‌ಗೆ ಮುಂಚೆ ಏಳನೇ ನಂಬರ್ ಐರನ್ ಕೋಲಲ್ಲಿ ಆರಾಮಾಗಿ ದಾಟಿಸ್ತಿದ್ದರು. ಕಾರಲ್ಲಿ ಒಂದೇ ಮಾತು — "ದಂಪತಿ ಕಪ್ ಒಂದು ಮುಗೀಲಿ ಕಣೆ. ಆಮೇಲೆ ಬ್ಯಾಗ್ ಅಟ್ಟಕ್ಕೆ."

ರೇಗಿತು. "ಆಮೇಲೆ ಏನ್ಮಾಡ್ತೀರಿ? ನನ್ನ ಕ್ಲಿನಿಕ್ಕಿಗೆ ಬಂದು ಪೇಷಂಟ್‌ಗಳ ಹಲ್ಲು ಎಣಿಸ್ತೀರಾ?" ಅಂದೆ. ನಗಲಿಲ್ಲ. ಭಯ ಆಯ್ತು. ಆಟ ಬಿಟ್ಟರೆ ಈ ಮನುಷ್ಯ ಬಾಡಿಹೋಗ್ತಾರೆ.

ಮಾರ್ಚ್ 9, ಶನಿವಾರ

ಇವರಿಗೆ ಹೊಸ ಕೋಲುಗಳ ಸೆಟ್! ಮಗಳು ಕೊಡಿಸಿದ್ದು. ಅಂಗಡಿಯವನು ಪರದೆ ಮುಂದೆ ನಿಲ್ಲಿಸಿ ಹೊಡೆಸಿದ. ಕೋಲಿನ ಮುಖ ತೆಳ್ಳಗಂತೆ, ಬಾಲನ್ನ ಚಿಮ್ಮಿಸುತ್ತಂತೆ. ತೂಕವೆಲ್ಲ ತಳದಲ್ಲಂತೆ, ಬಾಲ್ ತಾನಾಗೇ ಮೇಲೇಳುತ್ತಂತೆ. ಬರೀ ಅಂತೆ-ಕಂತೆ ಅಂದ್ಕೊಂಡೆ.

ಇವರು ಏಳನೇ ನಂಬರ್ ಬೀಸಿದರು. ಪರದೆ ಮೇಲೆ ನೂರ ನಲವತ್ತು ಗಜ! ಹಳೇದರಲ್ಲಿ ನೂರ ಇಪ್ಪತ್ತಕ್ಕೇ ಉಸ್ಸಪ್ಪಾ ಅಂತಿದ್ದರು. ತಿರುಗಿ ನೋಡಿದ ಆ ಮುಖ... ಮದುವೆ ಹೊಸತರಲ್ಲಿ ನೋಡಿದ್ದು.

ಮಾರ್ಚ್ 17, ಭಾನುವಾರ

ಕೊಳ ದಾಟಿತು! ಇವರು ಕುಣಿದದ್ದೇ ಕುಣಿದದ್ದು. ಅಟ್ಟದ ಸುದ್ದಿಯೇ ಇಲ್ಲ.

ಎರಡನೇ ಸುತ್ತು ಕಪ್‌ಗೆ ಪ್ರಾಕ್ಟೀಸ್. ಜೋಡಿಗೆ ಒಂದೇ ಬಾಲು — ಒಂದು ಹೊಡೆತ ಇವರದ್ದು, ಒಂದು ನನ್ನದು. ನಮ್ಮದೊಂದು ರೂಢಿ ಇದೆ. ದೂರ ಅಳೆಯೋದು ಇವರ ಕಣ್ಣು. ಬೆರಳು ತೋರಿಸ್ತಾರೆ, ಆ ನಂಬರ್ ತಗೊಂಡು ನಾನು ಹೊಡೀತೀನಿ. ಇವರ ಹಳೇದೂ ನನ್ನದೂ ಒಂದೇ ಕಾಲದ ಸೆಟ್ಟು, ಭುಜ ಕೈಕೊಟ್ಟ ಮೇಲೆ ಹೊಡೆತವೂ ಸಮಸಮ. ಇವತ್ತು ಕೊಳದ ಹತ್ತಿರ ಏಳು ಬೆರಳು ತೋರಿಸಿದರು. ನನ್ನ ಹಳೇ ಏಳರಲ್ಲಿ ಹೊಡೆದೆ. ಬುಳುಂಕ್!

"ಏನೇ ಇದು, ವಯಸ್ಸಾಯ್ತಾ ನಿನಗೆ?" ಅಂತ ಕಿಸಿಕಿಸಿ ನಗು ಬೇರೆ.

ಅದೇ ದಿನ, ಸಂಜೆ

ಇವರು ಸ್ನಾನಕ್ಕೆ ಹೋದಾಗ ಮೊಮ್ಮಗಳ ಕೋನಮಾಪಕ ತಂದು ಎರಡೂ ಏಳನ್ನ ಅಳೆದೆ. ನನ್ನದು ಮೂವತ್ತನಾಲ್ಕು ಡಿಗ್ರಿ ಓರೆ. ಹೊಸದು ಇಪ್ಪತ್ತೊಂಬತ್ತು. ನಂಬರ್ ಇಳಿದಷ್ಟೂ ಓರೆ ಕಡಿಮೆ, ಓರೆ ಕಡಿಮೆಯಾದಷ್ಟೂ ಬಾಲ್ ದೂರ. ಅಂದರೆ ಹಳೇ ಐದನೇ ನಂಬರ್ರಿಗೆ ಏಳು ಅಂತ ಅಚ್ಚು ಹಾಕಿದ್ದಾರೆ! ತಳದ ತೂಕ ಬಾಲನ್ನ ಎತ್ತೋದೇನೋ ನಿಜ, ಆದರೆ ಅರ್ಧ ಮ್ಯಾಜಿಕ್ಕು ಆ ಅಚ್ಚಿನದ್ದೇ.

ನಲವತ್ತು ವರ್ಷ ಸರ್ವೇಯರ್ ಆಗಿ ಕೋನ ಅಳೆದವರು, ಖುಷಿಗೆ ಕಣ್ಣು ಮಂಜಾಗಿದೆ. ಹೇಳಲಾ? ಊಹೂಂ. ಬಾಯಿಗೆ ಬೀಗ. ಬಚ್ಚಲ ಬಾಗಿಲು ಸದ್ದಾಯ್ತು, ಕೋನಮಾಪಕ ನನ್ನ ಬ್ಯಾಗಿಗೆ ತುರುಕಿದೆ.

ಮಾರ್ಚ್ 24, ಭಾನುವಾರ

ಈಗ ಇವರು ಏಳು ತೋರಿಸಿದರೆ ಸದ್ದಿಲ್ಲದೆ ಐದು ತಗೋತೀನಿ. "ನೋಡು, ನಾನು ಹೇಳಿದ ನಂಬರ್ ಹೊಡೆದರೆ ಹೇಗೆ ಹೋಗುತ್ತೆ!" ಅಂತಾರೆ. ಹೌದು ರೀ ಅಂತೀನಿ. ನಗು ತಡೆದು ತಡೆದು ಹೊಟ್ಟೆನೋವು.

ಒಂದೇ ಪೇಚು. ಎಲ್ಲ ನಂಬರೂ ಮುಂದಕ್ಕೆ ಸರಿದು ಹತ್ತಿರದ ದೂರಗಳಲ್ಲಿ ತೂತು ಬಿದ್ದಿದೆ. ಹತ್ತಿರದ ಹೊಡೆತಕ್ಕೆ ಅಂತ ಇರೋ ಹೊಸ ವೆಡ್ಜ್ ಕೋಲು ನೂರಹತ್ತು ಗಜ ಹೋಗುತ್ತೆ, ಅದರ ಕೆಳಗಿನದು ಎಪ್ಪತ್ತೇ. ತೊಂಬತ್ತು ಗಜಕ್ಕೆ ಇವರ ಹತ್ರ ಕೋಲೇ ಇಲ್ಲ. ಹೇಳಿದರೆ ಗುಟ್ಟು ರಟ್ಟು. ಕಪ್ ದಿನ ತೊಂಬತ್ತು ಗಜ ಬಾರದಿದ್ದರೆ ಸಾಕು.

ಏಪ್ರಿಲ್ 7, ಭಾನುವಾರ

ಬಂತು. ಕೊನೇ ಹೋಲು. ಹೋದ ವರ್ಷ ಗೆದ್ದ ದೊಡ್ಡ ಮೀಸೆಯವರ ಜೋಡಿ, ನಾವು — ಸಮಸಮ. ಅವರು ಆಡಿ ಮುಗಿಸಿ ಪಕ್ಕದಲ್ಲೇ ನಿಂತಿದ್ದಾರೆ. ನಾವು ಎರಡು ಹೊಡೆತದಲ್ಲಿ ಮುಗಿಸಿದರೆ ಕಪ್ಪು. ಸರದಿ ಇವರದ್ದು, ದೂರ ಸರಿಯಾಗಿ ತೊಂಬತ್ತು. ಇಲ್ಲಿ ಸೋತರೆ ಮತ್ತೆ ಅಟ್ಟದ ಮಾತು ಬರುತ್ತೆ.

ಇವರು ಬ್ಯಾಗಿನ ತಳದಿಂದ ಹಳೇ ಸಾಕ್ಸ್ ಮುಚ್ಚಿದ ಕೋಲೊಂದನ್ನ ಎಳೆದರು. ನೋಡ್ತೀನಿ — ಇವರದೇ ಹಳೇ ವೆಡ್ಜು! ಬ್ಯಾಗಿಗೆ ಹದಿನಾಲ್ಕೇ ಕೋಲು ಅನ್ನೋ ನಿಯಮ ಅಂತ ಹೊಸ ಸೆಟ್ಟಿನ ನಾಲ್ಕನೇ ನಂಬರ್ ಮನೇಲಿ ಬಿಟ್ಟು ಇದನ್ನ ತುರುಕಿದ್ದರು.

"ಹೊಸದಕ್ಕೆ ಹೆಸರು ಮಾತ್ರ ವೆಡ್ಜು ಕಣೆ. ಒಳಗೆ ಒಂಬತ್ತನೇ ನಂಬರ್ರೇ."

ಟಪ್. ಮೆತ್ತಗೆ ಏರಿತು, ಇಳಿಯಿತು, ಕುಳಿಗೆ ಒಂದು ಮೊಳ ದೂರ ನಿಂತಿತು. ನನ್ನ ಸರದಿ. ತಳ್ಳಿದೆ, ಕುಳಿಗೆ ಬಿತ್ತು. ಗೆದ್ವಿ!

ಕಾರಲ್ಲಿ ವಾಪಸ್ ಬರ್ತಾ ಕೇಳಿದೆ — "ಯಾವಾಗ ಗೊತ್ತಾಯ್ತು?"

"ಅಂಗಡೀಲೇ. ಸರ್ವೇಯರ್ ಕಣ್ಣಿಗೆ ಐದು ಡಿಗ್ರಿ ಕಾಣೋಲ್ವಾ? ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಮನಸ್ಸು ಬರಲಿಲ್ಲ. ಅವತ್ತು ಏಳು ತೋರಿಸಿ ನಿನ್ನ ಬಾಲ್ ಕೊಳಕ್ಕೆ ಹಾಕಿಸಿದ್ದೂ ಗುಟ್ಟು ಬಿಡಬಾರದು ಅಂತಲೇ."

"ಹೌದಾ! ನನಗೆ ಗೊತ್ತೇ ಆಗಲಿಲ್ಲ ನೋಡಿ" ಅಂದೆ. ಕಿಟಕಿ ಕಡೆ ತಿರುಗಿದೆ, ಕಣ್ಣು ತುಂಬಿತ್ತು. ಇಷ್ಟು ದಿನ ನನ್ನ ಖುಷಿ ಕಾಪಾಡಿದ್ದಾರೆ ಪುಣ್ಯಾತ್ಮ. ಮುಂದಿನ ವರ್ಷದ ಕಪ್‌ಗೆ ಆಗಲೇ ಹೆಸರು ಕೊಟ್ಟು ಬಂದಿದ್ದಾರೆ. ನನ್ನ ಗುಟ್ಟು ಮಾತ್ರ ನನ್ನ ಹತ್ರಾನೇ ಇರಲಿ. ಇವರ ಜಾಣತನದ ಖುಷಿ ಇವರಿಗಿರಲಿ.

ವರಾಂಡದಲ್ಲಿ ಬ್ಯಾಗುಗಳನ್ನ ಒರೆಸ್ತಿದ್ದಾರೆ. ಪಾಪ, ನನ್ನದೂ. ಏನೋ ಕೂಗ್ತಿದ್ದಾರೆ — "ಲೇ, ನಿನ್ನ ಬ್ಯಾಗಲ್ಲಿ ಮೊಮ್ಮಗಳ ಕೋನಮಾಪಕ ಯಾಕೆ..."

ಅಯ್ಯಯ್ಯೋ. ಬಂದೇಬಿಟ್ರು, ನಗ್ತಾ