ಒಂದೇ ಸಲ ಕೂಗುವ ಬಾಗಿಲ ಮುಂದೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಹಾಲೂಡಿಸುವ ತಾಯಿಯ ಹೆಸರನ್ನು ಒಂದೇ ಸಲ ಕೂಗುತ್ತಾರೆ. ಆ ಗಳಿಗೆಯಲ್ಲಿ ಅವಳು ಎದುರಿಗಿಲ್ಲದಿದ್ದರೆ ಮುಂದಿನ ಸರದಿಯವರೆಗೆ ಮಗುವಿನ ಮುಖ ಕಾಣುವಂತಿಲ್ಲ. ಈ ನಿಯಮ ಮಾಡಿದ ಮಹನೀಯರ ಹೊಟ್ಟೆಗೆ ಯಾರೂ ಹೊಲಿಗೆ ಹಾಕಿರಲಿಲ್ಲ ಎಂಬುದಂತೂ ಖಚಿತ. ಒಳಗೆ ಬಂದು ಹೇಳೋಣವೆಂದರೆ ನಿಮ್ಮ ಕೊಠಡಿಯ ಮುಂದೆಯೂ ಸರದಿ ಇದೆ, ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವಳು. ಏಳು ತಿಂಗಳಿಗೇ ಹುಟ್ಟಿದ ನನ್ನ ಮಗಳು ಹದಿನೇಳು ದಿನದಿಂದ ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಸಿಸೇರಿಯನ್ ಆಗಿದ್ದ ನನ್ನನ್ನು ಐದನೇ ದಿನವೇ ಡಿಸ್ಚಾರ್ಜ್ ಮಾಡಿದಿರಿ. ಕಾಗದದ ಪ್ರಕಾರ ನಾನೀಗ ರೋಗಿಯಲ್ಲ, ಆದ್ದರಿಂದ ಮಂಚವಿಲ್ಲ, ಊಟವಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ತಲೆಗೆ ಸ್ಕಾರ್ಫ್ ಬಿಗಿದು ಕೂತಿರುತ್ತೇನೆ, ಕಿವಿಗೆ ಮಾತ್ರ ಹತ್ತಿ ಇಟ್ಟಿಲ್ಲ. ಇಟ್ಟರೆ ನನ್ನ ಹೆಸರು ಕೂಗಿದ್ದು ಕೇಳಿಸುವುದಾದರೂ ಹೇಗೆ?

ಶೌಚಾಲಯ ಕೆಳಗಿನ ಮಹಡಿಯಲ್ಲಿದೆ. ಒಮ್ಮೆ ಗೋಡೆ ಹಿಡಿದುಕೊಂಡು ಹೋಗಿ ಬರುವಷ್ಟರಲ್ಲಿ ನನ್ನ ಸರದಿ ತಪ್ಪಿತು. ಅಂದಿನಿಂದ ನೀರು ಕುಡಿಯುವುದನ್ನೇ ಬಿಟ್ಟೆ. ನಮ್ಮವ್ವ ನಿಂಗಕ್ಕನಿಗೆ ಮಾತ್ರ ಬಲು ಖುಷಿ. “ಬಾಣ್ತಿ ನೀರು ಕಮ್ಮಿ ಕುಡೀಬೇಕು ಕಣವ್ವ, ಇಲ್ದಿದ್ರೆ ನಂಜಾಗ್ತೈತೆ. ಈಗಾದ್ರೂ ನನ್ನ ಮಾತು ಕೇಳಿದ್ಯಲ್ಲ” ಅಂದಳು. ನಾನೂ ಹೂಂ ಅಂದೆ. ತಪ್ಪು ನಮ್ಮದೂ ಇದೆ, ಆದರೆ ಅದು ತಪ್ಪು ಎಂದು ನಮಗೆ ಹೇಳುವವರು ನಿಮ್ಮಲ್ಲಿ ಒಬ್ಬರೂ ಇರಲಿಲ್ಲ.

ಎರಡು ಮೂರು ದಿನಕ್ಕೆ ಮಗುವಿಗೆಂದು ಹಿಂಡಿ ಕೊಡುವ ಎದೆಹಾಲು ಕಡಿಮೆಯಾಯಿತು. “ಏನಮ್ಮ, ಇಷ್ಟೇನಾ? ಮಗು ಬೇಕೋ ಬೇಡ್ವೋ ನಿಂಗೆ?” ಎಂದರು ಸಿಸ್ಟರ್. ಫೈಲಿನಲ್ಲಿ ‘ತಾಯಿ ಸಹಕರಿಸುತ್ತಿಲ್ಲ’ ಎಂದು ಬರೆದೂ ಆಯಿತು. ಸಹಕಾರವೆಂದರೆ ಏನು ಮಾನ್ಯರೇ? ನೀರು ಕುಡಿದರೆ ನನಗೆ ಸರದಿ ತಪ್ಪುತ್ತದೆ, ಕುಡಿಯದಿದ್ದರೆ ಮಗುವಿಗೆ ಹಾಲು ತಪ್ಪುತ್ತದೆ. ನೀವಾಗಿದ್ದರೆ ಯಾವುದನ್ನು ಆರಿಸಿಕೊಳ್ಳುತ್ತಿದ್ದಿರಿ?

ನನಗೆ ಭಯವಾಗುತ್ತದೆ. ಒಳಗೆ ಮೆಷಿನ್ ಕೂಗಿದಾಗಲೆಲ್ಲ ಅದು ನನ್ನ ಮಗಳ ಪೆಟ್ಟಿಗೆಯದ್ದೇ ಅಂದುಕೊಳ್ಳುತ್ತೇನೆ. “ನಾಲ್ಕು ದಿನ ಊರಿಗೆ ಹೋಗಿ ಮಲ್ಕಂಡು ಬಾ, ನಾನಿರ್ತೀನಿ” ಎನ್ನುತ್ತಾರೆ ಗಂಡ ತಿಪ್ಪೇಶ್. ಬೆಂಚು ಬಿಟ್ಟರೆ ಆ ನಾಲ್ಕು ದಿನದಲ್ಲೇ ಏನಾದರೂ ಆದೀತು ಅನ್ನಿಸುತ್ತದೆ. ಡಾಕ್ಟರನ್ನು ಕೇಳಿದರೆ “ಏನಾದ್ರೂ ಇದ್ರೆ ಹೇಳ್ತೀವಿ” ಎಂಬ ಉತ್ತರ. ಏನೂ ಇಲ್ಲ ಎನ್ನುವುದನ್ನೂ ಯಾರಾದರೂ ಹೇಳಬೇಕಲ್ಲವೇ?

ಪೆಟ್ಟಿಗೆಯ ಪಕ್ಕ ತಾಯಿಗೊಂದು ಕುರ್ಚಿ ಹಾಕಿಸಿ. ಇದೇ ಮಹಡಿಯಲ್ಲಿ ಸಿಬ್ಬಂದಿಗೆಂದು ಬೀಗ ಹಾಕಿಟ್ಟಿರುವ ಶೌಚಾಲಯ ತೆಗೆಸಿ. ಮಗು ಹೇಗಿದೆಯೆಂದು ದಿನಕ್ಕೊಂದು ಮಾತು ಹೇಳಿಸಿ. ಸೋಂಕಿನ ನೆಪ ಬೇಡ, ತಪಾಸಣೆಗೆ ಬಂದ ನಿಮ್ಮ ಹಿಂದೆ ಏಳು ಜನ ಚಪ್ಪಲಿ ಸಮೇತ ಒಳಹೋದದ್ದನ್ನು ನಾನೇ ನೋಡಿದ್ದೇನೆ. ಈ ವಾರವೇ ಮಾಡಿ. ನನ್ನ ಮಗಳ ಅಳು ಹೇಗಿರುತ್ತದೆಂದು ನನಗಿನ್ನೂ ಗೊತ್ತಿಲ್ಲ. ಒಳಗೆ ಯಾವ ಕೂಸು ಅತ್ತರೂ ಎದ್ದು ನಿಲ್ಲುತ್ತೇನೆ.

ಇಂತಿ,
ಎಲ್ಲಿಗೂ ಹೋಗಲಾರದ
ಕಾವ್ಯಶ್ರೀ
ಸದ್ಯದ ವಿಳಾಸ: ನಿಮ್ಮ ಕಾರಿಡಾರು