ಹೂವಿಲ್ಲದೆ ಇಳಿಯಬೇಕಿದ್ದ ಹಸುಗಳು

ನಮ್ಮೂರಿನ ಪ್ರವಾಸಿ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನನ್ನ ಸತ್ತ ತಂಗಿಯ ಹಸುಗಳಿಗೆ ಪ್ಲಾಸ್ಟಿಕ್ ಹೂ ಕಟ್ಟಿ ಮೆರವಣಿಗೆ ಮಾಡಿಸಿದ ಮಹಾನುಭಾವರು ನೀವು. ಕಚೇರಿಗೆ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದು ಶರತ್ಕಾಲದಲ್ಲಿ ಊರಿಗೆ ಇಳಿಯುವ ಹಸುಗಳಿಗೆ ಹೂಕಿರೀಟ ಕಟ್ಟುವುದು ಎಲ್ಲರೂ ಸುಖವಾಗಿ ಮರಳಿದ ವರ್ಷ ಮಾತ್ರ. ಬೆಟ್ಟದಲ್ಲಿ ಯಾರದಾದರೂ ಸಾವಾದರೆ ಹೂವಿಲ್ಲ. ಹಸುಗಳ ಕೊರಳ ಗಂಟೆಗಳಿಗೂ ಹುಲ್ಲು ತುರುಕಿ ಬಾಯಿ ಕಟ್ಟುತ್ತೇವೆ. ಇದು ನಿಮಗೆ ಗೊತ್ತಿಲ್ಲವೇ? ನಿಮ್ಮಜ್ಜ ಬಂಡೆಯಿಂದ ಜಾರಿ ಸತ್ತ ವರ್ಷ ಇಡೀ ಊರಿನ ಹಸುಗಳು ಮೂಕವಾಗಿ ಇಳಿದಿದ್ದವು. ನಮ್ಮ ಹಿಂಡಿನ ಮುಂದೆ ನಾನೂ ತಂಗಿ ನೋಟ್‌ಬುರ್ಗಾಳೂ ನಡೆದಿದ್ದೆವು.

ಈ ಬೇಸಿಗೆಯ ಆಗಸ್ಟಿನಲ್ಲಿ ಬೆಟ್ಟದ ಮೇಲೆ ತಪ್ಪಿಸಿಕೊಂಡ ಕರು ಹುಡುಕಲು ಹೋದ ನೋಟ್‌ಬುರ್ಗಾ ಸಿಡಿಲಿಗೆ ಸತ್ತಳು. ಹಸು ಇಳಿಯುವ ಬೆಳಿಗ್ಗೆ ನೀವು ನನ್ನ ಅಂಗಳಕ್ಕೆ ಬಂದಿರಿ.

"ಲೋನಿ ಅಜ್ಜಿ, ಮೂರು ಬಸ್ ತುಂಬಾ ಜನ ಬಂದವ್ರೆ. ಬೋಳು ಹಸು ತೋರ್ಸೋಕಾಗುತ್ತಾ? ಒಂದೊಂದು ಹೂವಾದ್ರೂ ಇಡಿ."

"ಸಾವಿನ ಮನೆಗೆ ತೋರಣ ಕಟ್ತಾರೇನೋ, ಮಗನೇ? ನಿಮ್ಮಪ್ಪ ಸತ್ತಾಗ ಬ್ಯಾಂಡ್ ತರಿಸಿದ್ಯಾ?"

ನಕ್ಕು ಹೋದಿರಿ. ನಾನು ತಂಗಿಯ ಹೆಸರಲ್ಲಿ ಪ್ರಾರ್ಥನೆ ಮಾಡಿಸಲು ಚರ್ಚಿನಲ್ಲಿದ್ದಾಗ, ಊರಿನ ಮೇಲಿನ ತಿರುವಿನಲ್ಲಿ ಹಿಂಡು ನಿಲ್ಲಿಸಿ ಹೂ ಕಟ್ಟಿಸಿದಿರಿ, ಗಂಟೆಗಳ ಹುಲ್ಲು ಕೀಳಿಸಿದಿರಿ. ಸದ್ದು ಕೇಳಿ ಹೊರಗೆ ಓಡಿ ಬಂದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳ ಮುದ್ದಿನ ಹಸು ತಲೆ ಕೊಡವಿ ಕಿರೀಟ ಬೀಳಿಸಿತು. ನಿಮ್ಮವನೊಬ್ಬ ಮತ್ತೆ ಕಟ್ಟಿದ. ಆಗ ತೆಗೆಸಿದ ಚಿತ್ರವೇ ಈಗ ನಿಮ್ಮ ಕಚೇರಿಯ ಗೋಡೆಯ ಮೇಲಿದೆ: "ಸಂತೋಷ ಇಳಿದು ಬರುವ ಊರು!" ಆಹಾ, ಎಂಥ ಸಂತೋಷ!

ಅತಿಥಿಗಳಿಂದಲೇ ಊರಿನ ಒಲೆ ಉರಿಯುತ್ತದೆ, ಒಪ್ಪಿದೆ. ನನ್ನ ಮನೆಯ ಎರಡು ಕೋಣೆಗಳೂ ಬಾಡಿಗೆಗಿವೆ. ಕೋಣೆ ಕೊಟ್ಟಿದ್ದೇನೆ, ಹೆಣ ಕೊಟ್ಟಿಲ್ಲ.

ಈಗ ನನ್ನ ಸರದಿ. ಚಳಿಗಾಲದಲ್ಲಿ ನಿಮ್ಮ ಅತಿಥಿಗಳ ಹಿಮಜಾರಾಟದ ದಾರಿಯ ಕೊನೆಯ ಇಳಿಜಾರು ನನ್ನ ಹುಲ್ಲುಗಾವಲು. ಪ್ರತಿ ವರ್ಷ ಒಂದು ಬಾಟಲಿ ಹಣ್ಣಿನ ಸಾರಾಯಿ ತಂದು ದಾರಿ ಬಿಡಲು ಕೇಳುತ್ತಿದ್ದಿರಿ, ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ. ಈ ವರ್ಷ ಆಡಿಸುವುದಿಲ್ಲ. ಬೇಲಿ ಎದ್ದಿದೆ. ಅಳಿಯ ವಿನ್ಸೆಂಟ್ಸ್ ಅಡ್ಡಲಾಗಿ ಸಗಣಿ ಗೊಬ್ಬರ ಸುರಿಯುತ್ತಿದ್ದಾನೆ, ಅದೂ ಅವೇ ಹಸುಗಳದ್ದು. ಬೇಕಿದ್ದರೆ ಅದಕ್ಕೂ ಹೂ ಕಟ್ಟಿ.

ಬೇಲಿ ತೆಗೆಯಬೇಕೇ? ಆ ಚಿತ್ರ ಇಂದೇ ಇಳಿಯಲಿ. ಮುಂದಿನ ಶರತ್ಕಾಲದಲ್ಲಿ ನನ್ನ ಹಸುಗಳು ಬೋಳಾಗಿ, ಮೂಕವಾಗಿ ಇಳಿಯುತ್ತವೆ. ಮೂರು ಬಸ್ಸಿನ ಜನರ ಕಣ್ಣೆದುರು ಕಪ್ಪು ಬಟ್ಟೆ ಉಟ್ಟು, ಅವಳ ಹಸುವಿನ ಹಗ್ಗ ಹಿಡಿದು ನೀವೇ ಮುಂದೆ ನಡೆಯಬೇಕು. ನಿಮ್ಮಜ್ಜನಿಗಾಗಿ ಅವಳು ನಡೆದ ದಾರಿ ಅದೇ.

ಅಲ್ಲಿಯವರೆಗೆ ನಿಮ್ಮ ಅತಿಥಿಗಳು ಗೊಬ್ಬರ ತುಳಿದು ಇಳಿಯಲಿ.

ಇಂತಿ,
ಬೇಲಿಯ ಈಚೆಯಿಂದ, ತಂಗಿಗಾಗಿ ಒಂದು ದಿನದ ಮೌನವನ್ನೂ ಉಳಿಸಿಕೊಳ್ಳಲಾಗದ ಮುದುಕಿ
ಅಪೊಲೋನಿಯಾ, ನಿಮ್ಮ "ಲೋನಿ ಅಜ್ಜಿ"